ಹೆಬ್ಬೆರಳಲ್ಲಿ ಪಾಚಿ ಓದುತ್ತಿದ್ದ ನೀರುಗಂಟಿ

ಪುಟ್ಟಸ್ವಾಮಣ್ಣ ಪಾಚಿಯನ್ನು ಕಾಲಿನ ಹೆಬ್ಬೆರಳಲ್ಲಿ ಓದುತ್ತಿದ್ದರು. ನಾಲೆ ಏರಿಯ ಮೇಲೆ ಬರಿಗಾಲಲ್ಲಿ ನಡೆದು ಬಂದು, ತೂಬಿನ ಕಲ್ಲಿನ ಮೇಲೆ ಬಲಗಾಲಿನ ಹೆಬ್ಬೆರಳು ಒತ್ತಿ, ಕಣ್ಣು ಕಿರಿದು ಮಾಡಿ ಒಂದು ಕ್ಷಣ ನಿಂತು, "ನೀರು ನಿಂತು ನಾಕು ದಿನ ಆಯ್ತು" ಎಂದುಬಿಡುತ್ತಿದ್ದರು. ವಿಚಾರಿಸಿ ನೋಡಿದರೆ ಸರಿಯಾಗಿ ನಾಲ್ಕೇ ದಿನ ಆಗಿರುತ್ತಿತ್ತು. ನಾನು ಅದೇ ಪಾಚಿಯನ್ನು ಮೈಸೂರಿಗೆ ಹೊತ್ತೊಯ್ದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೂರು ಪುಸ್ತಕ ಬಿಚ್ಚಿಕೊಂಡು ಕೂತರೂ ಅಷ್ಟು ಖಡಾಖಂಡಿತವಾಗಿ ಒಂದು ಮಾತು ಹೇಳುವ ಧೈರ್ಯ ಬರುತ್ತಿರಲಿಲ್ಲ.

ಅವರು ನಂಜನಗೂಡು ತಾಲ್ಲೂಕಿನ ಹೆಡತಲೆ ಕಡೆಯ ಒಂದು ಕಿರುನಾಲೆಯ ನೀರುಗಂಟಿ. ಸರದಿ ಪ್ರಕಾರ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಹೊತ್ತಿಗೆ ಸರಿಯಾಗಿ ಮುಚ್ಚುವುದು, ನಡುವೆ ಎದ್ದ ಜಗಳ ಬಿಡಿಸುವುದು ಅವರ ಕೆಲಸ. ಹದಿನಾಲ್ಕು ತೂಬುಗಳು ಅವರ ಸುಪರ್ದಿನಲ್ಲಿದ್ದವು. ಲೋಕವನ್ನೆಲ್ಲ ಅವರು ತೂಬಿನ ನಂಬರಿನಲ್ಲೇ ನೆನಪಿಟ್ಟುಕೊಂಡಿದ್ದರು. "ನಮ್ಮ ಷಡ್ಕ ಒಂಬತ್ತನೇ ತೂಬ್ತಾವ ಅವ್ನೆ" ಎಂದರೆ ಷಡ್ಕನ ಮನೆಯೇ ಅಲ್ಲಿದೆ ಎಂದು ನಾನು ಅರ್ಥ ಮಾಡಿಕೊಳ್ಳಬೇಕಿತ್ತು. ಹೆಂಡತಿ ನಿಂಗಮ್ಮನನ್ನು ನೋಡಲು ಹೋದ ದಿನ ಎರಡನೇ ತೂಬು ಒಡೆದಿತ್ತಂತೆ. ಮದುವೆ ಯಾವ ವರ್ಷ ಆಯಿತೆಂದು ಕೇಳಿದರೆ ಅದನ್ನೇ ಹೇಳುತ್ತಿದ್ದರು.

ನಾನು ತಿ. ನರಸೀಪುರದವಳು, ಅಲ್ಲಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಿಎಚ್.ಡಿಗೆ ಸೇರಿದಾಗ ಮಗಳಿಗೆ ಎರಡು ವರ್ಷ. ಪಾಚಿ ಎಂದು ನಾವು ಒಂದೇ ಮಾತಿನಲ್ಲಿ ಕರೆದು ಕಾಲಲ್ಲಿ ಒರೆಸಿಹಾಕುವುದರಲ್ಲಿ ಎಷ್ಟೆಷ್ಟೋ ಜಾತಿಗಳಿವೆ. ಸಾಸಿವೆಯಷ್ಟು ಎಲೆಗಳ ಹಾವಸೆಗಳಿವೆ, ಒದ್ದೆ ನೆಲಕ್ಕೆ ಹಪ್ಪಳದ ಹಾಗೆ ಅಂಟಿಕೊಳ್ಳುವ ಲಿವರ್‌ವರ್ಟ್‌ಗಳಿವೆ. ಇವು ನಮ್ಮ ಎರಡು ತಾಲ್ಲೂಕುಗಳಲ್ಲಿ ಏನೇನಿವೆ, ಎಲ್ಲೆಲ್ಲಿವೆ ಎಂದು ಪತ್ತೆ ಮಾಡುವುದು ನನ್ನ ಆಸೆ. ಮೈಸೂರಿನ ನನ್ನ ಗೈಡ್ ಕೇಳಿ ನಕ್ಕಿದ್ದರು. "ಕೊಡಗಿಗೆ ಹೋಗಮ್ಮ. ಗದ್ದೆ ಬಯಲಲ್ಲಿ ನಾಲ್ಕು ಜಾತಿ ಸಿಕ್ಕರೆ ಹೆಚ್ಚು. ನಾಲ್ಕು ಜಾತಿಗೆ ಯಾರೂ ಡಾಕ್ಟರೇಟ್ ಕೊಡಲ್ಲ." ಹಾಲು ಕುಡಿಯುವ ಮಗುವನ್ನು ಬಿಟ್ಟು ವಾರಗಟ್ಟಲೆ ಕಾಡು ಸುತ್ತುವುದು ನನ್ನಿಂದಾಗದ ಮಾತು. ನಾನು ಹುಟ್ಟಿ ಬೆಳೆದ ನೆಲದಲ್ಲಿ ಏನೂ ಇಲ್ಲ ಎಂದದ್ದಕ್ಕೆ ಒಳಗೇ ಉರಿಯೂ ಇತ್ತು. ಕೊನೆಗೆ ಅವರು ಒಂದು ಮಳೆಗಾಲದ ಗಡುವು ಕೊಟ್ಟರು. ತಾವೇ ಬಂದು ನೋಡುವುದು, ಒಪ್ಪಿಗೆಯಾದರೆ ಸರಿ, ಇಲ್ಲವಾದರೆ ನಾನು ಜಾಗ ಬದಲಿಸಬೇಕು. ಬದಲಿಸುವುದೆಂದರೆ ನನ್ನ ಪಾಲಿಗೆ ಬಿಟ್ಟುಬಿಡುವುದೇ.

ಗಡುವಿನ ಚಿಂತೆಯಲ್ಲಿ ಒಂದು ಬಿರುಬೇಸಿಗೆಯ ಬೆಳಿಗ್ಗೆ ನಾಲೆಯ ಮೇಲೆ ಕೂತು ತೂಬಿನ ಕಲ್ಲನ್ನು ಚಾಕುವಿನಿಂದ ಹೆರೆಯುತ್ತಿದ್ದೆ. ಹಿಂದಿನಿಂದ ಧ್ವನಿ ಬಂತು. "ಯಾರವ್ವ ಅದು? ತೂಬ್ಗೆ ಯಾಕೆ ಚಾಕು ಆಕ್ತಿದ್ದೀಯೆ?"

ಪಾಚಿಯ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದೆ. ಪುಟ್ಟಸ್ವಾಮಣ್ಣ ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡರು. "ಪಾಚಿ ಓದಕ್ಕೂ ಕಾಲೇಜು ಅದಾ? ನಾನು ಮೂವತ್ತೊರ್ಸದಿಂದ ಕೆರೀತಾವ್ನಿ, ನಂಗ್ಯಾರೂ ಪರೀಕ್ಸೆ ಮಡಗ್ನಿಲ್ವಲ್ಲ."

ಕಲ್ಲಿನ ಮೇಲಿದ್ದದ್ದು ಒಣಗಿ ಕರಿ ಮಸಿಯಂತಾಗಿತ್ತು. ನನ್ನ ಬಾಟಲಿಯ ನೀರನ್ನು ಅದರ ಮೇಲೆ ಸುರಿದೆ. ನೋಡನೋಡುತ್ತ ಮುದುರಿದ್ದ ಎಲೆಗಳು ಬಿಚ್ಚಿಕೊಂಡು, ಅಂಗೈಯಗಲ ಕಲ್ಲು ಹಸಿರಾಯಿತು. ಪುಟ್ಟಸ್ವಾಮಣ್ಣ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ದಿನವೂ ತುಳಿದದ್ದನ್ನು ಮೊದಲ ಸಲ ಬಗ್ಗಿ ನೋಡುತ್ತಿದ್ದರು.

"ಇದ್ರ ಬೇರೆಲ್ಲವ್ವ?"

"ಬೇರಿಲ್ಲ ಅಣ್ಣ. ಮೈಯಲ್ಲೇ ನೀರು ಕುಡಿಯುತ್ತೆ. ನೀರಿಲ್ಲದಾಗ ಒಣಗಿಕೊಂಡು ಸುಮ್ಮನೆ ಕಾಯುತ್ತೆ."

"ಅಂಗಾರೆ ಇದೂ ನಮ್ಮ ರೈತ್ರಂಗೆ ಸರದಿ ಕಾಯ್ತದೆ ಅನ್ನು. ಆದ್ರೆ ಜಗಳ ಆಡಕ್ಕಿಲ್ಲ, ಅದೊಂದು ವಾಸಿ."

ಅಂದಿನಿಂದ ಅವರು ನನ್ನ ಸಂಶೋಧನೆಯನ್ನು ತಮ್ಮ ಹದಿನೈದನೇ ತೂಬು ಮಾಡಿಕೊಂಡರು. ನನಗೆ 'ಪಾಚಿ ಮೇಡಮ್ಮು' ಎಂದು ಹೆಸರಿಟ್ಟು ಊರಿಗೆಲ್ಲ ಹಬ್ಬಿಸಿದರು. ತರಗತಿಯ ನಡುವೆ ಫೋನ್ ಬರುತ್ತಿತ್ತು. "ಮೂರನೇ ತೂಬು ಹಸ್ರಾಯ್ತು ಕಣವ್ವ. ಕಡ್ಡಿ ಮ್ಯಾಲೆ ಮಡಕೆ ಮಡಗ್ದಂಗೆ ಏನೋ ಎದ್ದದೆ, ಬಂದು ನೋಡು." ಹಾವಸೆಯ ಬೀಜಕ ತುಂಬಿದ ಪುಟಾಣಿ ಕೋಶವನ್ನು ಅದಕ್ಕಿಂತ ಚೆನ್ನಾಗಿ ವರ್ಣಿಸುವುದು ಕಷ್ಟ. ನಾನೂ ಮಕ್ಕಳಿಗೆ ಪಾಠ ಹೇಳುವಾಗ ಕಡ್ಡಿ ಮೇಲಿನ ಮಡಕೆ ಎಂದೇ ಹೇಳುತ್ತೇನೆ.

ಒಮ್ಮೆ ನಾನಿದ್ದಾಗಲೇ ಒಬ್ಬ ರೈತ ರೇಗುತ್ತಾ ಬಂದ. ತನ್ನ ಗದ್ದೆಗೆ ಎಂಟು ದಿನದಿಂದ ನೀರೇ ಬಂದಿಲ್ಲ, ತನ್ನ ಸರದಿಯನ್ನು ಬೇರೆಯವರಿಗೆ ಕೊಟ್ಟಿದ್ದಾರೆ ಎಂದು ಕೂಗಾಡಿದ. ಪುಟ್ಟಸ್ವಾಮಣ್ಣ ಅವನ ಗದ್ದೆಗೆ ನೀರು ಹಾಯುವ ಮಡೆಯ ಹತ್ತಿರ ಹೋಗಿ ಕಲ್ಲಿಗೆ ಹೆಬ್ಬೆರಳು ಒತ್ತಿದರು. "ಇದು ನೆನ್ನೆ ಬೆಳಿಗ್ಗೆ ಕುಡ್ದದೆ. ಮಡೆ ಕಲ್ಲು ಕುಡ್ದು ಗದ್ದೆ ಉಪಾಸ ಇದ್ದದಾ ಗೌಡ?"

ಅವನು ನನ್ನ ಕಡೆ ತಿರುಗಿದ. "ಮೇಡಂ, ನೀವು ಓದಿರೋರು. ನೀವೇ ಯೋಳಿ." ನಾನು ಮಸೂರ ತೆಗೆದು ಬಗ್ಗಿ ನೋಡಿದೆ. ಎಲೆಗಳು ತುಂಬಿಕೊಂಡು ಅಗಲವಾಗಿ ಬಿಚ್ಚಿದ್ದವು. ಅಣ್ಣ ಹೇಳಿದ್ದೇ ಸರಿ ಎಂದೆ. ಅವನು ಗೊಣಗಿಕೊಂಡು ಹೋದ. ಸಸ್ಯಶಾಸ್ತ್ರ ಓದಿ ನಾನು ಹೇಳಿದ ಮೊದಲ ಸಾಕ್ಷಿ ಅದು.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಹನ್ನೊಂದನೇ ತೂಬಿಗೆ ಕರೆದೊಯ್ದರು. ಅಲ್ಲಿ ಏಳೆಂಟು ಕಲ್ಲಿನ ಮೆಟ್ಟಿಲು ಕೆಳಗಿಳಿದರೆ ಏರಿಯಡಿಯ ಮೋರಿ ಸಿಗುತ್ತದೆ. "ಕಣ್ಣು ಮುಚ್ಕೊಂಡು ಇಪ್ಪತ್ತು ಎಣ್ಸವ್ವ. ಆಮ್ಯಾಕೆ ಒಳೀಕೆ ನೋಡು." ಎಣಿಸಿ ಕಣ್ಣು ಬಿಟ್ಟೆ. ಮೋರಿಯ ಒಳಗೋಡೆ ಹೊಂಬಣ್ಣ ಬೆರೆತ ಹಸಿರಿನಲ್ಲಿ ಮಿನುಗುತ್ತಿತ್ತು. ಕತ್ತಲಲ್ಲಿ ಬೆಳೆದು, ಒಳಗೆ ನುಸುಳಿದ ಚೂರು ಬೆಳಕನ್ನೇ ಒಟ್ಟುಮಾಡಿ ಹಿಂದಕ್ಕೆ ಚೆಲ್ಲುವ ಲಿವರ್‌ವರ್ಟ್ ಅದು. ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಸಂತೋಷಕ್ಕೂ ಹಾಗೆ ಅಳು ಬರುತ್ತದೆಂದು ಅವತ್ತು ಗೊತ್ತಾಯಿತು. ಮೆಟ್ಟಿಲ ಮೇಲಿನಿಂದಲೇ ಗೈಡ್‌ಗೆ ಫೋನ್ ಮಾಡಿದೆ. ಭಾನುವಾರ ಬರುತ್ತೇನೆ, ಕಣ್ಣಾರೆ ಕಂಡರೆ ಕೊಡಗಿನ ಮಾತು ಎತ್ತುವುದಿಲ್ಲ ಎಂದರು. "ನಮ್ಮ ದೊಡ್ಡ ಸಾಹೇಬರು ಬರ್ತಾರೆ ಅಣ್ಣ" ಎಂದೆ. ಆ ಮಾತನ್ನು ನಾನು ಆಡಬಾರದಿತ್ತು.

ಭಾನುವಾರ ಗೈಡ್ ಜೊತೆ ಹೋದರೆ ಹನ್ನೊಂದನೇ ತೂಬಿನ ಮುಂದೆ ನಿಂಗಮ್ಮ ಇಟ್ಟ ರಂಗೋಲಿ ಇತ್ತು. ಮೆಟ್ಟಿಲುಗಳು ಬೆಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಮೋರಿಯ ಒಳಗೋಡೆಗೆ ಸುಣ್ಣ ಬಳಿದಿತ್ತು. ಇಡೀ ತೂಬಿನಲ್ಲಿ ಹುಡುಕಿದರೂ ಒಂದು ಎಸಳು ಹಸಿರಿಲ್ಲ. ಪುಟ್ಟಸ್ವಾಮಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಮುಗಿದು ನಿಂತಿದ್ದರು. ಗೈಡ್ ಇಳಿದು ನೋಡಿ, "ತುಂಬಾ ಅಚ್ಚುಕಟ್ಟಾಗಿ ಇಟ್ಟಿದ್ದೀರಿ" ಎಂದು ಮನಸಾರೆ ಹೊಗಳಿದರು.

"ಅಣ್ಣ, ಪಾಚಿ?" ಎಂದೆ.

"ಕೆರ್ದೆ ಕಣವ್ವ. ದೊಡ್ಡ ಸಾಯೇಬ್ರು ಬತ್ತಾರೆ ಅಂದ್ಯಲ್ಲ. ಮುಂಚೆ ಒಬ್ರು ಇಂಜಿನಿಯರ್ ಸಾಯೇಬ್ರು ಇದೇ ಮೆಟ್ಲಲ್ಲಿ ಜಾರಿ..." ನನ್ನ ಮುಖ ನೋಡಿದರು, ಮೋರಿಯ ಕಡೆ ನೋಡಿದರು. ಕೈಯಲ್ಲಿದ್ದ ಟವಲ್ ಹಿಂಡುತ್ತಾ ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಮೂವತ್ತು ವರ್ಷ ಅವರು ಕಲಿತದ್ದೇ ಅದು. ಸಾಹೇಬರು ತನಿಖೆಗೆ ಬರುತ್ತಾರೆ ಎಂದರೆ ಹಿಂದಿನ ದಿನವೇ ತೆಂಗಿನ ಸಿಪ್ಪೆ ಹಿಡಿದು ತೂಬು ಉಜ್ಜಬೇಕು, ಸುಣ್ಣ ಬಳಿಯಬೇಕು. ಪಾಚಿ ನೋಡಲೆಂದೇ ಬರುವ ಸಾಹೇಬರೂ ಇರುತ್ತಾರೆಂದು ಅವರ ಕೈಗಳಿಗೆ ಹೊಳೆದಿರಲಿಲ್ಲ. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಅವತ್ತು ನನಗೆ ಬಂದದ್ದು ಸಿಟ್ಟು. "ಇಷ್ಟು ದಿನ ನನ್ನ ಜೊತೆ ತಿರುಗಿ ಇದನ್ನೇನಾ ನೀವು ಕಲಿತದ್ದು?" ಎಂದೆ. ಅಪ್ಪನ ವಯಸ್ಸಿನವರಿಗೆ ಹಾಗೆ ಅಂದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಬಂದವರನ್ನು ಹಾಗೇ ಕಳಿಸಲಾರದೆ ನಿಂಗಮ್ಮ ಮನೆಗೆ ಕರೆದರು. ನಾಲೆಯ ಪಕ್ಕದಲ್ಲೇ ಮನೆ. ಉಪ್ಪಿಟ್ಟು ತಿಂದು ಕೈತೊಳೆಯಲು ಹಿತ್ತಲಿಗೆ ಹೋದ ಗೈಡ್ ಎಷ್ಟು ಹೊತ್ತಾದರೂ ವಾಪಸ್ ಬರಲಿಲ್ಲ. ಹೋಗಿ ನೋಡಿದರೆ ನಾಲೆ ಕಡೆಯ ಕಲ್ಲುಗೋಡೆಯ ಮುಂದೆ, ಬಿಳಿ ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ಮೊಣಕಾಲೂರಿ, ಮಸೂರ ಹಿಡಿದು ಕೂತಿದ್ದಾರೆ. ನಾಲೆಯ ಒಸರಿನಿಂದ ಸದಾ ತೇವವಾಗಿದ್ದ ಆ ಗೋಡೆಯ ಸಂದಿ ಸಂದಿಯಲ್ಲೂ ಪಾಚಿ. ಕಡು ಹಸಿರು, ಎಳೆ ಹಸಿರು, ಕೆಂಚು, ಮಖಮಲ್ಲಿನಂಥದ್ದು, ಜಡೆಯಂಥದ್ದು. ಇಷ್ಟು ದಿನ ಈ ಮನೆಗೆ ಬಂದು ಮುಂದಿನ ಜಗಲಿಯಲ್ಲೇ ಕಾಫಿ ಕುಡಿದು ಹೋಗಿದ್ದ ನಾನೂ ಅದನ್ನು ನೋಡಿದ್ದು ಅವತ್ತೇ.

"ಯಾರು ಬೆಳೆಸಿದ್ದು ಇದನ್ನ?" ಎಂದು ಗೈಡ್ ನನ್ನ ಹಿಂದೆಯೇ ಬಂದಿದ್ದ ಪುಟ್ಟಸ್ವಾಮಣ್ಣನನ್ನು ಕೇಳಿದರು.

"ಬೆಳ್ಸೋದೇನ್ ಬಂತು ಸಾ. ತೂಬ್ನಲ್ಲಿ ಕೆರ್ದಿದ್ನ ತಂದು ಗ್ವಾಡೆ ಸಂದಿಗೆ ತುರುಕ್ತಿದ್ದೆ, ಮಣ್ಣು ಉದುರ್ದೆ ಇರ್ಲಿ ಅಂತ."

ಹಾವಸೆಯ ಒಂದು ಚೂರು ಸಾಕು, ತೇವ ಸಿಕ್ಕಿದ ಕಡೆ ಮತ್ತೆ ಬೆಳೆಯುತ್ತದೆ. ಮೂವತ್ತು ವರ್ಷದ ತನಿಖೆಗಳೆಲ್ಲ ಆ ಗೋಡೆಯ ಮೇಲೆ ಜೀವ ಹಿಡಿದು ಕೂತಿದ್ದವು. ಆದರೆ ಗೈಡ್ ನಿಟ್ಟುಸಿರಿಟ್ಟರು. "ಯಾವುದು ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಇದನ್ನ ಬರೆದುಕೊಳ್ಳೋ ಹಾಗಿಲ್ಲಮ್ಮ."

"ಗೊತ್ತಿಲ್ದೆ ಏನ್ ಸಾ" ಎಂದರು ಪುಟ್ಟಸ್ವಾಮಣ್ಣ. ಗೋಡೆಯ ಒಂದು ಕೊನೆಯಿಂದ ಶುರು ಮಾಡಿದರು. "ಇದು ಏಳನೇ ತೂಬಿಂದು, ಕರಿ ಕನ್ನಡ್ಕದ ಇಂಜಿನಿಯರ್ರು ಬಂದಾಗ ಕೆರ್ದಿದ್ದು. ಇದು ನಾಕನೇದು, ಅವತ್ತು ಸಾಯೇಬ್ರು ಬರ್ನೇ ಇಲ್ಲ, ಸುಮ್ಕೆ ಕೆರ್ದೆ. ಇದು ಅನ್ನೆರಡನೇದು, ಜೀಪು ಕೆಸ್ರಲ್ಲಿ ಉಗಿದ್ಕಂಡಿತ್ತಲ್ಲ, ಆವತ್ತು."

ಗೈಡ್ ಪೂರ್ತಿ ನಂಬಲಿಲ್ಲ. ಐದು ಕಡೆ ಬೆರಳಿಟ್ಟು, ಅವರು ಹೇಳಿದ ನಂಬರು ಬರೆದುಕೊಂಡು, ಮೂವರೂ ನಾಲೆಯುದ್ದಕ್ಕೂ ನಡೆದೆವು. ನಾಲ್ಕು ತೂಬುಗಳಲ್ಲಿ ಅದೇ ಜಾತಿಗಳು ಮತ್ತೆ ಚಿಗುರಿ ನಿಂತಿದ್ದವು. ಉಳಿದ ಒಂದರಲ್ಲಿ ಏನೂ ಸಿಗದಿದ್ದಾಗ ಪುಟ್ಟಸ್ವಾಮಣ್ಣ ತಾವೇ ತಲೆ ಕೆರೆದುಕೊಂಡು, "ಓದೊರ್ಸ ಇದ್ಕೆ ಸಿಮೆಂಟು ಬಳ್ದವ್ರೆ ಸಾ" ಎಂದು ತೋರಿಸಿದರು. ಸಂಜೆಯ ಬಸ್ಸಿಗೆ ನಿಂತಾಗ ಗೈಡ್ ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತಾ, "ಕೊಡಗು ಬೇಡಮ್ಮ" ಎಂದಷ್ಟೇ ಹೇಳಿದರು.

ಮರುವರ್ಷದ ಮಳೆಯಲ್ಲಿ ಪುಟ್ಟಸ್ವಾಮಣ್ಣನ ಫೋನ್ ಬಂತು. ಆ ಒಂದು ವರ್ಷ ಅವರು ದಿನವೂ ಮೋರಿ ಇಣುಕಿದ್ದರೆಂದು ನಿಂಗಮ್ಮ ಆಮೇಲೆ ಹೇಳಿದರು. "ಅವ್ವ, ಅನ್ನೊಂದನೇ ತೂಬು ದೀಪ ಅಚ್ಕತು" ಎಂದು ಹೇಳಿ, ನಾನು ಮಾತಾಡುವ ಮೊದಲೇ ಇಟ್ಟುಬಿಟ್ಟರು. ನಾನು ಪಾಠ ನಿಲ್ಲಿಸಿ ಮಕ್ಕಳೆದುರೇ ನಕ್ಕೆ.

ಪ್ರಬಂಧ ಮುಗಿದಾಗ ಮೊದಲ ಪ್ರತಿಯನ್ನು ಅವರ ಮನೆಗೇ ತೆಗೆದುಕೊಂಡು ಹೋದೆ. "ನನ್ನೆಸ್ರು ಎಲ್ಲದೆ?" ಎಂದು ಕೇಳಿದರು. ಕೃತಜ್ಞತೆಯ ಪುಟ ತೆರೆದು ತೋರಿಸಿದೆ. ಅದರ ಮೇಲೆ ಕೈಯ ಹೆಬ್ಬೆರಳು ಒತ್ತಿ, ಕಣ್ಣು ಕಿರಿದು ಮಾಡಿ, "ಒಣಗ್ಬುಟ್ಟದೆ" ಎಂದು ಗಂಭೀರವಾಗಿ ಹೇಳಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅವರನ್ನು ಕಂಡ ಕೊನೆಯ ದಿನ ಅದು.

ಈ ಬೇಸಿಗೆಯಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು. ತಿಥಿಯ ದಿನ ಹೋದೆ. ಇಡೀ ಮನೆ ತೊಳೆದು, ಗೋಡೆಗಳಿಗೆಲ್ಲ ಸುಣ್ಣ ಬಳಿದಿದ್ದರು. ಸುಣ್ಣ ಕಂಡದ್ದೇ ಹಿತ್ತಲಿಗೆ ಓಡಿದೆ. ಕಲ್ಲುಗೋಡೆ ಹಾಗೇ ಇತ್ತು. ನಾಲೆ ನಿಂತು ಒಸರು ಬತ್ತಿದ್ದರೂ ಗೋಡೆ ಒದ್ದೆಯಾಗಿತ್ತು. ನಿಂಗಮ್ಮ ಚೊಂಬು ಹಿಡಿದು ನಿಂತಿದ್ದರು.

"ಎಲ್ಲಾನೂ ತೊಳುದ್ರು ಕಣವ್ವ. ಇದ್ಕೆ ಮಾತ್ರ ಕೈ ಮಡಗಕ್ಕೆ ನಾನು ಬುಡ್ನಿಲ್ಲ" ಎಂದರು. ಕಲ್ಲಿನ ಸಂದಿಯ ಒಂದು ಹಸಿರು ಗುಪ್ಪೆಯ ಮೇಲೆ ನೀರು ಹನಿಸುತ್ತಾ ಕೇಳಿದರು. "ಅವ್ರು ದಿನಾ ಯೋಳೋರು, ನಾನೇ ಕಿವಿ ಮ್ಯಾಲೆ ಆಕ್ಕತಿರ್ನಿಲ್ಲ. ಇದು ಯಾವ್ದವ್ವ?"

ಅದರ ಲ್ಯಾಟಿನ್ ಹೆಸರು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆ ಹೆಸರಿಗಾಗಿ ನಾನು ಮೂರು ತಿಂಗಳು ಒದ್ದಾಡಿದ್ದೆ.

"ಏಳನೇ ತೂಬಿಂದು ಅಕ್ಕ" ಎಂದೆ. "ಕರಿ ಕನ್ನಡಕದ ಇಂಜಿನಿಯರ್ ಬಂದಾಗ ಕೆರೆದದ್ದು."