ಅಪ್ಪ ಮತ್ತು ‘ಆಕ್ಚುಲಿ’ ಮಂದಿ

ಯಾರಾದರೂ ‘ಆಕ್ಚುಲಿ’ ಎಂದರೆ ಸಾಕು, ಅಪ್ಪನ ಎಡಹುಬ್ಬು ಕನ್ನಡಕ ದಾಟಿ ಮೇಲೇರುತ್ತಿತ್ತು. ಎಂಬತ್ತರ ದಶಕದ ಕೊನೆಗೆ ನಮ್ಮ ಹಾವೇರಿಯಲ್ಲಿ ಸ್ಕೂಟರ್ ಕೊಂಡವರೆಲ್ಲ ಅದರ ಜೊತೆಗೆ ಈ ಪದವನ್ನೂ ಕೊಂಡಂತಿತ್ತು. ರಾಣೇಬೆನ್ನೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾಗಿದ್ದ ಅಪ್ಪನಿಗೆ ಅವರನ್ನು ಕಂಡರೆ ಮೈಯೆಲ್ಲ ಉರಿ.

“ಕುಂದ್ರಿ” ಎಂದು ಹಿಡಿದು ಕೂರಿಸಿ ಶುರುಮಾಡುತ್ತಿದ್ದ. “ನೂರಾರು ವರ್ಷದ ಹಿಂದ ಈ ಶಬ್ದಕ್ಕ ‘ಬರೇ ಬಾಯಿಲೆ ಅಲ್ಲ, ಮಾಡಿ ತೋರಿಸಿ’ ಅಂತ ಅರ್ಥ ಇತ್ರಿ. ಆಮ್ಯಾಲೆ ‘ಸದ್ಯಕ್ಕ’ ಅಂತನೂ ಆತು, ‘ಖರೇನ’ ಅಂತನೂ ಆತು. ಈಗ ನಿಮ್ಮ ಬಾಯಾಗ ಏನೂ ಅರ್ಥ ಉಳದಿಲ್ಲ. ಸುಳ್ಳು ಹೇಳೋ ಮುಂದ ಗಂಟಲಾ ಸರಿ ಮಾಡ್ಕೋತೀರಿ, ಅಷ್ಟ.” ಬಂದವರು ಅರ್ಧ ಚಹಾ ಬಿಟ್ಟು ಓಡುತ್ತಿದ್ದರು.

“ಇಂಗ್ಲೆಂಡಿನ ಶಬ್ದದ ಜಾತಕ ಗೊತ್ತೈತಿ, ಮನ್ಯಾಗ ಸಕ್ರಿ ತೀರೇತಿ ಅನ್ನೋದು ಗೊತ್ತಿಲ್ಲ” ಎಂದು ಅವ್ವ ಒಳಗಿನಿಂದಲೇ ಚುಚ್ಚುತ್ತಿದ್ದಳು. ನನಗೂ ಅಪ್ಪನ ಪಾಂಡಿತ್ಯ ಶುದ್ಧ ತಲೆನೋವೆನಿಸುತ್ತಿತ್ತು.

ನಾನು ಗುತ್ತಲದ ಸಾಲೆಯಲ್ಲಿ ಶಿಕ್ಷಕಿಯಾಗಿ ಸೇರಿದ ವರ್ಷ ಬ್ಯಾಡಗಿಯಿಂದ ಕನ್ಯಾ ನೋಡಲು ಬಂದರು. ಕೆಲಸ ಬಿಡುವ ಮಾತಿದ್ದರೆ ಮದುವೆಯೇ ಬೇಡ ಎಂದು ಮನೆಯಲ್ಲಿ ಮೊದಲೇ ಹೇಳಿದ್ದೆ. ಹುಡುಗ ತನ್ನ ಪಾಲಿನ ಅವಲಕ್ಕಿಯನ್ನಷ್ಟೇ ತಾನೇ ತಿಂದ. ಮಾತೆಲ್ಲ ಅವನ ಕಾಕಾನದು.

“ಆಕ್ಚುಲಿ, ಹುಡುಗಿ ನೌಕರಿ ಮಾಡಾಕ ನಮ್ದೇನೂ ಅಡ್ಡಿ ಇಲ್ರಿ.”

ಮುಗಿಯಿತು, ಇನ್ನು ಭಾಷಣ ಶುರು ಎಂದುಕೊಂಡೆ. ಅಪ್ಪ ಭಾಷಣ ಮಾಡಲಿಲ್ಲ.

“ನಿಮ್ಮ ಹಿರೇ ಸೊಸಿನೂ ಟೀಚರ್ ಇದ್ರಂತಲ್ಲ. ಈಗ ಯಾವ ಸಾಲ್ಯಾಗ ಅದಾರ?”

“ಆಕ್ಚುಲಿ, ಮನ್ಯಾಗ ಮಂದಿ ಭಾಳ್ರಿ. ಅಡಗಿ, ಆಳು-ಕಾಳು ನೋಡ್ಕೊಳ್ಳಾಕ ಯಾರರ ಬೇಕಲ್ರಿ…”

ಅಪ್ಪ ಎದ್ದು ಎಲೆ-ಅಡಿಕೆಯ ತಟ್ಟೆ ತಂದು ಮುಂದಿಟ್ಟ. ನಮ್ಮಲ್ಲಿ ಅದು ಬಂತೆಂದರೆ ಬಂದವರು ಏಳಬೇಕು. ನಾನಿನ್ನೂ ಚಹಾ ಕೂಡ ಕೊಟ್ಟಿರಲಿಲ್ಲ.

“ತಗೋರಿ. ಬ್ಯಾಡಗಿ ಬಸ್ ಲಗೂ ಐತಿ” ಎಂದ.

ಕಾಕಾ ಮುಖ ಕೆಂಪಗೆ ಮಾಡಿಕೊಂಡು ಎದ್ದ. ಹುಡುಗ, ಕಾಕಾ ಎದ್ದನೆಂದು ಎದ್ದ. ಬೀಗರಾಗಬೇಕಾದವರನ್ನು ಚಹಾ ಕೊಡದೆ ಹೊರಗಟ್ಟಿದ ಎಂದು ಓಣಿಯೆಲ್ಲ ಆಡಿಕೊಂಡಿತು. ನನಗೆ ಮಾತ್ರ ಅಪ್ಪನ ಮೇಲೆ ಹಿಂದೆಂದೂ ಬಾರದಷ್ಟು ಪ್ರೀತಿ ಬಂತು.

ಕೆಲವು ವರ್ಷಗಳ ನಂತರ ಅಪ್ಪ ಹಾಸಿಗೆ ಹಿಡಿದ. ಒಂದು ಮುಂಜಾನೆ ಅವನಿಗೆ ಏದುಸಿರು ಬರುತ್ತಿದ್ದುದನ್ನು ನೋಡಿ, ಇವತ್ತು ಸಾಲೆಗೆ ಸೂಟಿ ಹಾಕುತ್ತೇನೆಂದೆ.

“ನೀ ನನ್ನ ಮಾರಿ ನೋಡ್ಕೋಂತ ಕುಂದ್ರಲಿ ಅಂತ ಆ ಬ್ಯಾಡಗಿಯವ್ರನ್ನ ವಾಪಸ್ ಕಳಿಸಿದ್ನೇನು? ಹುಡುಗ್ರು ಕಾಯ್ತಾವ, ನಡಿ.”

ಸಿಟ್ಟಿನಲ್ಲೇ ಬಸ್ ಹತ್ತಿದೆ. ಪಾಠ ನಡೆದಿದ್ದಾಗ ಸುದ್ದಿ ಬಂತು. ಹಲಗೆಯ ಮೇಲೆ ಅರ್ಧ ಬರೆದಿದ್ದ ವಾಕ್ಯವನ್ನು ಪೂರ್ತಿ ಮಾಡಿಯೇ ಹೊರಟೆ. ಬಿಟ್ಟು ಬಂದಿದ್ದರೆ ಅಪ್ಪ ಸತ್ತ ಮೇಲೂ ಬೈಯುತ್ತಿದ್ದ.