ಮುತ್ಯಾ ಮುಟ್ಟದ ಬಟ್ಟಲು

ಒಣದ್ರಾಕ್ಷಿ ಕುದಿಯುವ ವಾಸನೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಏನೋ. ಮೊದಲು ಹಳೆಯ ಬೆಲ್ಲದ ಹಾಗೆ, ಆಮೇಲೆ ಸ್ವಲ್ಪ ಹುಳಿ, ಕಡೆಗೆ ತೊಯ್ದ ಕಟ್ಟಿಗೆಯ ಹಾಗೆ. ಔರಾದಿನ ನನ್ನ ಕಿರಾಣಿ ಅಂಗಡಿಯಲ್ಲಿ ದ್ರಾಕ್ಷಿಯ ಮೂಟೆ ಬಿಚ್ಚಿದಾಗಲೆಲ್ಲ ಅದರ ಎಳೆಯೊಂದು ಮೂಗಿಗೆ ಬಡಿಯುತ್ತದೆ. (ಕೊಳ್ಳುವಾಗ ಮೇಲಿನದನ್ನು ನೋಡಬೇಡಿ, ಮೂಟೆಯ ತಳಕ್ಕೆ ಕೈ ಹಾಕಿ. ಬೆಲೆ ಇಳಿಸುವಾಗ ಎದುರಿನವ ಇಲ್ಲ ಅಂದರೆ ಎದ್ದು ಬನ್ನಿ. ಸುಮ್ಮನಿದ್ದರೆ ಕೂತಿರಿ, ಮಾತು ಇನ್ನೂ ಬಾಕಿ ಇದೆ ಅಂತ ಅರ್ಥ. ಬರಿಗೈಲಿ ಶುರುಮಾಡಿ ಇಷ್ಟು ದೂರ ಬಂದವಳ ಮಾತು ಇದು.) ಆ ವಾಸನೆ ಬಂದರೆ ನಾನು ಬೀದರಿನ ಹಳೆಯ ಮನೆಯ ಒಲೆಯ ಮುಂದೆ ಕೂತ ಹುಡುಗಿಯಾಗುತ್ತೇನೆ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಪಾದ್ರಿ. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು. ದ್ರಾಕ್ಷಾರಸ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಶನಿವಾರ ಸಂಜೆ ಆಯಿ, ನಮ್ಮ ಅಜ್ಜಿ, ಒಣದ್ರಾಕ್ಷಿ ಕುದಿಸಿ ಹಳೆಯ ಧೋತರದ ತುಂಡಿನಲ್ಲಿ ಬಸಿದಿಡುತ್ತಿದ್ದಳು. ಹಿಂಡಿ ಉಳಿದ ಸಿಪ್ಪೆ ನನ್ನ ಪಾಲು.

ರಸ ತುಂಬುತ್ತಿದ್ದ ಬಟ್ಟಲು ಬಿದ್ರಿ ಕೆಲಸದ್ದು. ಕಪ್ಪು ಮೈಯ ಮೇಲೆ ಬೆಳ್ಳಿಯ ದ್ರಾಕ್ಷಿಬಳ್ಳಿ, ಒಳಗೆ ಬೆಳ್ಳಿಯ ಹಾಳೆ. ಮಾಡಿಕೊಟ್ಟವನು ಪಕ್ಕದ ಮನೆಯ ಖಾದರ್ ಚಾಚಾ. ಬಿದ್ರಿ ಕಪ್ಪಾಗಲು ಕೋಟೆಯೊಳಗಿನ, ಬಿಸಿಲು ಮಳೆ ಕಾಣದ ಮಣ್ಣೇ ಆಗಬೇಕು. ಅದನ್ನು ಅವನು ನಾಲಿಗೆಗೆ ಹಚ್ಚಿ ನೋಡಿ ತರುತ್ತಿದ್ದ. "ಅರ್ಧಾ ಕ್ವಾಟಿ ನಿನ್ನ ಹೊಟ್ಟ್ಯಾಗೇ ಅದ ನೋಡು" ಎಂದು ಆಯಿ ಚಾಷ್ಟಿ ಮಾಡಿದರೆ, "ಉಳಿದರ್ಧಾ ನಿಜಾಮ ಸಾಬರಿಗಿ ಬಿಟ್ಟೀನ್ರಿ ಭಾಬಿ" ಎನ್ನುತ್ತಿದ್ದ.

ಆ ಮನೆಯ ಶಾಂತಿ ಕೆಟ್ಟದ್ದು ಒಂದು ಕಲ್ಲಿನಿಂದ. ನನ್ನ ಕಾಕಾ, ಮುತ್ಯಾನ ಕಿರಿಯ ಮಗ, ಸಾಲಿ ಮಾಸ್ತರ. ಮನ್ನಳ್ಳಿಯಲ್ಲಿ ಬಾವಿ ತೋಡುವಾಗ ಸಿಕ್ಕ ಕಲ್ಲೊಂದನ್ನು ತಂದಿದ್ದ. ಅದರೊಳಗೆ ಬಸವನಹುಳು, ಸುರುಳಿ ಸುತ್ತಿಕೊಂಡೇ ಕಲ್ಲಾಗಿ ಹೋದದ್ದು. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲೇ ಇದು ಇತ್ತು, ಒಂದು ಜೀವದಿಂದ ಇನ್ನೊಂದು ನಿಧಾನಕ್ಕೆ ಬದಲಾಗುತ್ತ ಬಂತು, ನಾವೂ ಹಾಗೇ ಬಂದವರು ಎಂದು ಊಟಕ್ಕೆ ಕೂತಾಗ ಹೇಳಿದ. "ಹಂಗಾರ ದೇವರು ಆರು ದಿನದಾಗ ಲೋಕಾ ಮಾಡಿದ್ದು ಸುಳ್ಳೇನು?" ಎಂದ ಮುತ್ಯಾ. ಬಾಗಿಲಲ್ಲಿ ನಿಂತಿದ್ದ ಖಾದರ್ ಚಾಚಾ ನಕ್ಕುಬಿಟ್ಟ. "ಪಾದ್ರಿ ಸಾಬ, ಆರು ದಿನ ನಮ್ಮಲ್ಲೂ ಅದಾವ್ರಿ. ಖರೆ, ಆವಾಗ ದೇವರ ಕೈಗಿ ಗಡಿಯಾರ ಯಾರ್ ಕಟ್ಟಿದ್ರು?"

ಮುತ್ಯಾ ನಗಲಿಲ್ಲ. ಮಣ್ಣಿನ ಮನುಷ್ಯನಿಗೆ ದೇವರು ಊದಿದ ಉಸಿರನ್ನು ಮಂಗನ ಉಸಿರು ಅನ್ನುವವನು ಪವಿತ್ರಾತ್ಮನನ್ನೇ ಬೈದ ಹಾಗೆ. ಬೇರೆಲ್ಲ ಪಾಪಕ್ಕೂ ಕ್ಷಮೆಯುಂಟು, ಅದೊಂದಕ್ಕೆ ಈ ಲೋಕದಲ್ಲೂ ಇಲ್ಲ, ಬರುವ ಲೋಕದಲ್ಲೂ ಇಲ್ಲ ಎಂದು ಭಾನುವಾರ ಸಭೆಯ ಎದುರೇ ಸಾರಿದ. ಮಗನ ಮುಂದೆ ಬಂದ ಬಟ್ಟಲನ್ನು ಕೊಡದೆ ಮುಂದಿನವರಿಗೆ ದಾಟಿಸಿದ. ಕಾಕಾ ಎದ್ದು ಹೋದವನು ಭಾಲ್ಕಿಯಲ್ಲಿ ಮಾಸ್ತರಿಕೆ ಹಿಡಿದ. ಕಲ್ಲು ನಮ್ಮ ಕಿಟಕಿಯಲ್ಲೇ ಉಳಿಯಿತು.

ಆಮೇಲೆ ರಜಾಕಾರರ ದಿನಗಳು. ಅವರ ಗುಂಪು ಚರ್ಚಿನ ತನಕ ಬಂದಾಗ ಖಾದರ್ ಚಾಚಾ ಬಾಗಿಲಿಗೆ ಅಡ್ಡ ಕೂತ. "ಒಳಗ ನಾ ಮಾಡಿದ ಬಟ್ಟಲ ಅದ. ಅದನ್ನ ಮುರಿಯೋದಿದ್ರ ಮೊದಲ ನನ್ನ ಮುರೀರಿ" ಎಂದ. ಅವರು ಬೈಯುತ್ತ ಹೊರಟುಹೋದರು. ಅದಾದ ಮೇಲೆ ಪೊಲೀಸ್ ಆಕ್ಷನ್. ನಿಜಾಮರ ರಾಜ್ಯ ಬಿದ್ದದ್ದೇ ತಡ ಗಾಳಿ ತಿರುಗಿತು. ಈಗ ಹೊಡೆಯುವವರು ಬೇರೆ, ಓಡುವ ಸರದಿ ಊರಿನ ಮುಸಲ್ಮಾನರದ್ದು. ನಮ್ಮ ಸಭೆಯ ಹೆಂಗಸರು ಮಕ್ಕಳೆಲ್ಲ ಚರ್ಚಿನೊಳಗೆ ಸೇರಿ ಅಗಳಿ ಹಾಕಿಕೊಂಡಿದ್ದೆವು. ಸುಡು ಮಧ್ಯಾಹ್ನ ಬಾಗಿಲು ಬಡಿದ ಸದ್ದು. "ಪಾದ್ರಿ ಸಾಬ, ನಾನ್ರೀ, ಖಾದರ. ಬಾಗಲಾ ತೆಗೀರಿ." ಮುತ್ಯಾನ ಕೈ ಅಗಳಿಯ ಮೇಲೆ ಹೋಯಿತು. ಅವನ ಧೋತರ ಹಿಡಿದು ನಿಂತಿದ್ದೆ, ನೋಡಿದ್ದೇನೆ. ಕೈ ಅಲ್ಲೇ ನಿಂತಿತು. ತನ್ನಷ್ಟಕ್ಕೆ ಏನೋ ಗೊಣಗಿದ, ನನಗೆ ತಿಳಿಯಲಿಲ್ಲ. ಆಮೇಲೆ ಗಟ್ಟಿಯಾಗಿ, "ಒಳಗ ಹೆಣ್ಮಕ್ಕಳು ಅದಾರ, ಖಾದರ. ಮುಂದ ಹೋಗು" ಎಂದ. ಹೊರಗೆ ಸ್ವಲ್ಪ ಹೊತ್ತು ಏದುಸಿರಿನ ಸಪ್ಪಳ. "ಆಯ್ತ್ರಿ" ಎಂದ ಚಾಚಾ. ಅಷ್ಟೇ. ಜನವಾಡದ ಹಾದಿಯ ಜೋಳದ ಹೊಲದಲ್ಲಿ ಅವನ ಹೆಣ ಸಿಕ್ಕಿತೆಂದು ಆಮೇಲೆ ಸುದ್ದಿ ಬಂತು.

ಮುಂದಿನ ಕರ್ತನ ಭೋಜನದಲ್ಲಿ ಮುತ್ಯಾ ಎಲ್ಲರಿಗೂ ಬಟ್ಟಲು ಕೊಟ್ಟ. ಕಡೆಗೆ ತಾನು ಕುಡಿಯಬೇಕಾದಾಗ ಅಂಚು ಒರೆಸಿ ಮುಚ್ಚಿಟ್ಟ. ತಿಂಗಳು ತಿಂಗಳೂ ಹಾಗೇ, ವರ್ಷಗಟ್ಟಲೆ. ಏನೋ ಹರಕೆ ಇರಬೇಕು ಎಂದರು ಸಭೆಯವರು. ಆಯಿ ಮಾತ್ರ ಅವನ ಗುಟುಕಿನಷ್ಟು ರಸವನ್ನು ಪ್ರತಿ ಸಲ ಹೆಚ್ಚಿಗೆ ಬಸಿದೇ ಇಡುತ್ತಿದ್ದಳು.

ಮುತ್ಯಾ ಹಾಸಿಗೆ ಹಿಡಿದಾಗ ಕಾಕಾನಿಗೆ ಹೇಳಿ ಕಳಿಸಿದೆವು. ಭಾಲ್ಕಿಯಿಂದ ಬಂದವನು ಬಟ್ಟಲು ತುಂಬಿಸಿಕೊಂಡು ತಂದೆಯ ಪಕ್ಕ ಕೂತ. "ನಿನಗ ಅಂದ ಮಾತು ತಿರುಗಿ ನನಗೇ ಬಂತೋ ತಮ್ಮಾ" ಎಂದ ಮುತ್ಯಾ. "ಅಂಜಿ ಬಾಗಲಾ ತೆಗೀಲಿಲ್ಲ ಅಪ್ಪಾ ನೀವು. ಅಂಜಿಕಿಗಿ ಕ್ಷಮಾ ಇಲ್ಲೇನು? ಆ ಪಾಪ ಮಾಡೀನೇನೋ ಅಂತ ಹೆದರಾವ ಅದನ್ನ ಮಾಡಿರಂಗಿಲ್ಲ ಅಂತ ನೀವೇ ಮಂದಿಗಿ ಹೇಳ್ತಿದ್ರಿ." ಮುತ್ಯಾ ತಲೆಯಾಡಿಸಿದ. "ಅಂಜಿಕಿ ಅಲ್ಲೋ. ತೆಗಿ, ತೆಗಿ ಅಂತ ಆತ್ಮ ಒಳಗಿಂದ ಹೇಳ್ತು. ಸಾಫ್ ಕೇಳಿಸ್ತು. ಇದು ಸೈತಾನನ ಮಾತು ಅಂದುಬಿಟ್ಟೆ. ಬಾಯಿಬಿಟ್ಟು ಅಂದೆ." ಆತ್ಮನ ಕೆಲಸವನ್ನು ಸೈತಾನನದು ಅನ್ನುವುದೇ ಆ ಪಾಪ. ಹಾಗೆಂದು ಕಾಕಾನಿಗೆ ಕಲಿಸಿದವನೇ ಆ ತಂದೆ. "ಮೊದಲ ನೀ ಕುಡಿ" ಎಂದ ಮುತ್ಯಾ. ಅಷ್ಟು ವರ್ಷ ತಪ್ಪಿದ್ದನ್ನು ಕಾಕಾ ಕುಡಿದ, ಆಮೇಲೆ ಬಟ್ಟಲನ್ನು ತಂದೆಯ ತುಟಿಗೆ ಹಿಡಿದ. ಮುತ್ಯಾ ಬೆಳ್ಳಿಬಳ್ಳಿಯ ಮೇಲೆ ಹೆಬ್ಬೆರಳು ಆಡಿಸಿ, "ಖಾದರ ಚಲೋ ಮಾಡ್ಯಾನ" ಎಂದು ತುಟಿ ಬಿಗಿದ. ರಸ ಗಡ್ಡಕ್ಕಿಳಿಯಿತು. ಹೊತ್ತು ಮುಳುಗುವುದರೊಳಗೆ ಹೋದ.

ಆ ಮನೆ ಈಗಿಲ್ಲ, ಅಲ್ಲಿ ಮಳಿಗೆಗಳೆದ್ದಿವೆ. ಕಾಕಾ ತನ್ನ ಕಲ್ಲನ್ನು ಮುತ್ಯಾನ ಗೋರಿಯ ತಲೆಗಿಟ್ಟ. ಯಾರೂ ಬೇಡ ಅನ್ನಲಿಲ್ಲ. ಬಸವನಹುಳು ತನ್ನ ಮನೆಯೊಳಗೆ ಸೇರಿಕೊಂಡದ್ದು ಇನ್ನೂ ಹೊರಗೆ ಬಂದಿಲ್ಲ. ಬಟ್ಟಲು ನನ್ನ ಬಳಿಯಿದೆ. ತಿಂಗಳ ಮೊದಲ ಭಾನುವಾರ ಬಸ್ಸು ಹಿಡಿದು ಬೀದರಿಗೆ ಹೋಗಿ, ಕುದಿಸಿ ತಂದ ರಸವನ್ನು ಬಟ್ಟಲಿಗೆ ಹಾಕಿ ಗೋರಿಯ ಮಣ್ಣಿಗೆ ಸುರಿಯುತ್ತೇನೆ. ಊರೊಂದನ್ನು ಉಳಿಸಲು ಬೈಬಲಿನ ಕಾಲದ ಹಿರಿಯನೊಬ್ಬ ದೇವರ ಎದುರೇ ನಿಂತು, ಇಷ್ಟು ಒಳ್ಳೆಯವರಿದ್ದರೆ ಬಿಡುತ್ತೀಯಾ, ಇನ್ನೂ ಕಮ್ಮಿ ಇದ್ದರೆ ಬಿಡುತ್ತೀಯಾ ಎಂದು ಚೌಕಾಸಿ ಮಾಡಿದ ಕತೆಯನ್ನು ಮುತ್ಯಾನೇ ನನಗೆ ಹೇಳಿದ್ದ. ತನ್ನ ಸಲುವಾಗಿ ಮಾತ್ರ ಒಂದು ಮಾತೂ ಆಡಲಿಲ್ಲ. ಆಡುವವಳು ನಾನು. ಎಲ್ಲ ಕಡೆಯಿಂದ ಹೇಳಿ ನೋಡಿ, ಕಡೆಗೆ ನನ್ನ ಬಳಿಯಿರುವ ಒಂದೇ ಗಟ್ಟಿ ಸರಕನ್ನು ಮುಂದಿಡುತ್ತೇನೆ: ಬಾಗಿಲ ಆಚೆ ಖಾದರ್ ಚಾಚಾ ಬೈಯಲಿಲ್ಲ, ಆಯ್ತ್ರಿ ಅಂದ, ನಾನು ಕಿವಿಯಾರೆ ಕೇಳಿದ್ದೇನೆ, ಅದನ್ನು ಲೆಕ್ಕಕ್ಕೆ ಹಿಡಿದು ಮುತ್ಯಾನನ್ನು ಬಿಟ್ಟುಕೊಡು. ಉತ್ತರ ಬಂದಿಲ್ಲ. ಇಲ್ಲ ಎಂದೂ ಬಂದಿಲ್ಲ. ಗಾಳಿ ಬೀಸಿದರೆ ತೊಯ್ದ ಮಣ್ಣಿನಿಂದ ದ್ರಾಕ್ಷಿಯ ವಾಸನೆ ಏಳುತ್ತದೆ. ಬಿಸಿಲು ನೆತ್ತಿಗೆ ಬರುವ ತನಕ ನಾನು ಅಲ್ಲೇ ಕೂತಿರುತ್ತೇನೆ.