ಹಾಲು ಉಕ್ಕಿಸಿದ ಲ್ಯಾಟಿನ್ ಮೇಷ್ಟ್ರು

ಒಲೆಯ ಮುಂದೆ ಬಗ್ಗಿ ನಿಂತ ಮೇಷ್ಟ್ರ ದಪ್ಪ ಕನ್ನಡಕ ಹಬೆಗೆ ಪೂರ್ತಿ ಮಂಜಾಗಿತ್ತು. ಜರಗನಹಳ್ಳಿಯ ನಮ್ಮ ಮನೆಯ ಕೆಳಭಾಗಕ್ಕೆ ಅವರು ಬಾಡಿಗೆಗೆ ಬಂದ ದಿನವದು. ಪಾದ್ರಿಗಳಾಗಲು ಓದುವ ಹುಡುಗರಿಗೆ ಲ್ಯಾಟಿನ್, ಫ್ರೆಂಚ್ ಕಲಿಸಿ ನಿವೃತ್ತರಾದ ಒಂಟಿ ಜೀವ. ಯಾರೇ ಬರಲಿ, ಹಾಲು ಉಕ್ಕಿಸದೆ ಸಾಮಾನು ಒಳಗಿಡುವ ಹಾಗಿಲ್ಲ ಎಂಬುದು ನಮ್ಮಜ್ಜಿಯ ಕಾನೂನು.

ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡು ಒದ್ದಾಡುತ್ತಿದ್ದ ನನಗೆ, ಹಾಲು ಉಕ್ಕುವಷ್ಟರಲ್ಲಿ ಮೊದಲ ಪಾಠ ಆಗಿಹೋಯಿತು. ಲ್ಯಾಟಿನ್ನಿನಲ್ಲಿ ಹಾಲು ‘ಲಾಕ್’. ‘ಹಾಲಿನ’ ಎನ್ನಬೇಕಾದರೆ ‘ಲಾಕ್ಟಿಸ್’. ಕನ್ನಡದ ಹಾಲಿನಂತೆ ಅದೂ ನಪುಂಸಕಲಿಂಗ. ಅದೇ ಇಟಲಿಯಲ್ಲಿ ‘ಲಾತ್ತೆ’, ಫ್ರಾನ್ಸಿನಲ್ಲಿ ‘ಲೆ’ ಎನಿಸಿಕೊಂಡು ಪುಲ್ಲಿಂಗವಾಯಿತು; ಸ್ಪೇನಿನಲ್ಲಿ ‘ಲೆಚೆ’ ಆಗಿ ಸ್ತ್ರೀಲಿಂಗ. “ಯಾವ ಮನೆಗೆ ಹೋಯ್ತೋ ಆ ಮನೆ ಥರಾನೇ ಆಗ್ಬಿಡ್ತು, ಪಾಪ,” ಅಂದರು. ಜೆ.ಪಿ. ನಗರದಲ್ಲಿ ‘ಲಾಟೆ’ ಎಂದು ಕೇಳಿ ಹಾಲು ಹೆಚ್ಚಿದ ಕಾಫಿ ಕುಡಿಯುವವರನ್ನು ಕಂಡರೆ ಅವರಿಗೆ ನಗು. ಇಟಲಿಯಲ್ಲಿ ಹಾಗೆ ಕೇಳಿದರೆ ಬರೀ ಹಾಲು ತಂದಿಡುತ್ತಾರಂತೆ.

ಅವರ ದಯೆಯಿಂದ ನಾನೇ ಫ್ರೆಂಚ್ ಮೇಡಂ ಆದೆ. ಮನೆಪಾಠಕ್ಕೆ ಎಲ್ಲೂ ಜಾಗ ಸಿಗುತ್ತಿಲ್ಲವೆಂದು ಒಂದು ದಿನ ಅಂಗಳದಲ್ಲಿ ನಿಂತು ಅಪ್ಪನ ಹತ್ತಿರ ಗೊಣಗಾಡಿದೆ. ಮೇಷ್ಟ್ರ ಕಿಟಕಿ ತೆರೆದಿದ್ದದ್ದು ನನಗೆ ಗೊತ್ತಿರಲಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಲಾರೆ. ಮುಂದಿನ ವಾರವೇ ಅವರು ಇಟ್ಟಮಡುವಿನಲ್ಲಿ ತಮಗೊಂದು ಬೇರೆ ಮನೆ ನೋಡಿಕೊಂಡು ಬಂದರು. “ನಿನ್ ಕ್ಲಾಸಿಗೆ ಜಾಗ ಆಯ್ತು ಕಣಮ್ಮ,” ಎಂದರು. ಅವರ ಮಂಡಿನೋವು ನನಗೆ ತಿಳಿಯದ್ದೇನಲ್ಲ. ಆದರೂ ಯಾವ ಮಹಡಿ ಎಂದು ಕೇಳಲಿಲ್ಲ. ಕೇಳಿದ್ದರೆ ತಡೆಯಬೇಕಾಗುತ್ತಿತ್ತು.

ಮೂರನೇ ಮಹಡಿ, ಲಿಫ್ಟಿಲ್ಲ. ಬರಬರುತ್ತಾ ಅವರು ಕೆಳಗಿಳಿಯುವುದನ್ನೇ ಬಿಟ್ಟರು. ನಾನು ಹೋದಾಗಲೆಲ್ಲ, ಇಲ್ಲಿ ಗಾಳಿ ಎಷ್ಟು ಚೆನ್ನಾಗಿದೆ ನೋಡು ಎನ್ನುತ್ತಿದ್ದರು. ನಾನೂ ನಾಚಿಕೆಯಿಲ್ಲದೆ ಹೌದು ಸಾರ್ ಎನ್ನುತ್ತಿದ್ದೆ. ವಾಪಸ್ ಬಂದುಬಿಡಿ ಎಂಬ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ನಿಜವಾಗಿ ಬಂದುಬಿಟ್ಟರೆ ಎಂದು ಹೆದರಿ ನುಂಗಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಕಳೆದ ತಿಂಗಳು ಹೋಗಿಬಿಟ್ಟರು. ಆ ಇಕ್ಕಟ್ಟು ಮೆಟ್ಟಿಲಲ್ಲಿ ನನ್ನ ವಿದ್ಯಾರ್ಥಿಗಳೇ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಸಂಜೆ ಕ್ಲಾಸಿಗೆ ರಜಾನಾ ಎಂದು ಒಬ್ಬಳು ಕೇಳಿದಳು. ಇಲ್ಲ ಅಂದೆ. ಅವರು ಬಿಟ್ಟುಕೊಟ್ಟ ಮನೆಯನ್ನು ಒಂದು ಸಂಜೆಯಾದರೂ ಖಾಲಿ ಇಡುವ ಧೈರ್ಯ ನನಗಿರಲಿಲ್ಲ.